ಕಬ್ಬಿನ ಗದ್ದೆಯ ಮೇಲೆ ರನ್‌ವೇ: ಟಿನಿಯನ್ ದ್ವೀಪದ ನಾರ್ತ್ ಫೀಲ್ಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಿರೋಶಿಮಾ ಹೆಸರು ಎಲ್ಲರಿಗೂ ಗೊತ್ತು. ಬಾಂಬ್ ಹೊತ್ತ ವಿಮಾನ ಎಲ್ಲಿಂದ ಹೊರಟಿತು ಅಂತ ಕೇಳಿದರೆ ಮಾತ್ರ ಬಹಳ ಜನ ಸುಮ್ಮನಾಗುತ್ತಾರೆ. ಅದು ಹೊರಟದ್ದು ಟಿನಿಯನ್ ದ್ವೀಪದ ನಾರ್ತ್ ಫೀಲ್ಡ್ ಅನ್ನುವ ವಿಮಾನ ನಿಲ್ದಾಣದಿಂದ. ಈ ವಿಷಯ ಮಾತಿಗೆ ಬಂದಾಗಲೆಲ್ಲ, ಬಂದ ಪತ್ರಗಳಲ್ಲೂ ಕೂಡ, ಅವೇ ಪ್ರಶ್ನೆಗಳು ಸುತ್ತಿ ಸುತ್ತಿ ಎದುರಾಗುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಜೋಡಿಸಿದ್ದೇನೆ. ಸುಲಭದ್ದು ಮೊದಲು, ಕಗ್ಗಂಟಿನದು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು.

## ಮೊದಲು ಇಷ್ಟು ತಿಳಿದಿರಲಿ

ಟಿನಿಯನ್ ಅಂದ್ರೆ ಎಲ್ಲಿ ಬರುತ್ತೆ? ನಕ್ಷೆಯಲ್ಲಿ ಹುಡುಕಿದ್ರೂ ಸಿಗ್ಲಿಲ್ಲ.

ಸಿಗದಿದ್ದರೆ ನಿಮ್ಮ ತಪ್ಪಲ್ಲ. ಶಾಲೆಯ ಅಟ್ಲಾಸಿನಲ್ಲಿ ಅದೊಂದು ಚುಕ್ಕೆ, ಅಷ್ಟೇ. ಪೆಸಿಫಿಕ್ ಸಾಗರದ ಪಶ್ಚಿಮ ಭಾಗದಲ್ಲಿ ಮರಿಯಾನಾ ಅನ್ನುವ ದ್ವೀಪಗಳ ಸಾಲಿದೆ. ಅದರ ದಕ್ಷಿಣದ ತುದಿಯಲ್ಲಿ ಗುವಾಮ್. ಅಲ್ಲಿಂದ ಉತ್ತರಕ್ಕೆ ಹೋದರೆ ಟಿನಿಯನ್, ಅದಕ್ಕೆ ತಾಗಿದಂತೆ ಸೈಪಾನ್. ಟಿನಿಯನ್ನಿನ ವಿಸ್ತೀರ್ಣ ಸುಮಾರು 100 ಚದರ ಕಿಲೋಮೀಟರ್. 2020ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 2,000 ಮಂದಿ. ನಮ್ಮ ಕಡೆಯ ಒಂದು ಮಧ್ಯಮ ಹಳ್ಳಿಯಷ್ಟು. ಅಲ್ಲಿಂದ ಟೋಕಿಯೋ ಸುಮಾರು 2,400 ಕಿಲೋಮೀಟರ್. ಬೆಂಗಳೂರಿನಿಂದ ಶ್ರೀನಗರಕ್ಕೆ ನೇರ ಗೆರೆ ಎಳೆದರೆ ಹೆಚ್ಚುಕಮ್ಮಿ ಅಷ್ಟೇ ದೂರ. ಈ ಲೆಕ್ಕ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಅದು ಜಪಾನಿನ ದ್ವೀಪವೋ, ಅಮೆರಿಕದ್ದೋ?

ಈಗ ಅಮೆರಿಕದ ಆಡಳಿತಕ್ಕೆ ಸೇರಿದ ಉತ್ತರ ಮರಿಯಾನಾ ದ್ವೀಪಗಳಲ್ಲಿ ಒಂದು. ಮೂಲದಲ್ಲಿ ಚಮೋರೋ ಜನರದ್ದು. ಸ್ಪೇನಿನವರು ಅವರನ್ನು ಸೋಲಿಸಿ ದ್ವೀಪ ಖಾಲಿ ಮಾಡಿಸಿದರು. 1899ರಲ್ಲಿ ಸ್ಪೇನ್ ಅದನ್ನು ಜರ್ಮನಿಗೆ ಮಾರಿತು. ಮೊದಲನೇ ಮಹಾಯುದ್ಧ ಶುರುವಾದ 1914ರಲ್ಲಿ ಜಪಾನ್ ಕೈಗೆ ಬಂತು. 1944ರಲ್ಲಿ ಅಮೆರಿಕ ಕಿತ್ತುಕೊಂಡಿತು. ಈ ಕೈಬದಲಾವಣೆಗಳಲ್ಲಿ ಒಮ್ಮೆಯೂ ಅಲ್ಲಿನವರನ್ನು ಯಾರೂ ಕೇಳಲಿಲ್ಲ.

ನಾರ್ತ್ ಫೀಲ್ಡ್ ಜಗತ್ತಿನಲ್ಲೇ ದೊಡ್ಡ ವಿಮಾನ ನಿಲ್ದಾಣ ಆಗಿತ್ತಂತೆ. ಉತ್ಪ್ರೇಕ್ಷೆ ಅಲ್ವಾ?

ಅಲ್ಲ. 1945ರ ಮಟ್ಟಿಗೆ ಆ ಮಾತು ಸರಿ. ಒಂದರ ಪಕ್ಕ ಒಂದರಂತೆ ನಾಲ್ಕು ರನ್‌ವೇ. ಒಂದೊಂದೂ 8,500 ಅಡಿ, ಅಂದರೆ ಸುಮಾರು 2,600 ಮೀಟರ್. ಮಂಗಳೂರಿನ ಇವತ್ತಿನ ರನ್‌ವೇ 2,450 ಮೀಟರ್ ಇದೆ. ಅದಕ್ಕಿಂತ ಉದ್ದದ ನಾಲ್ಕು ಪಟ್ಟಿಗಳನ್ನು ಅಕ್ಕಪಕ್ಕ ಹಾಸಿದ ಹಾಗೆ. ವಿಮಾನ ನಿಲ್ಲಿಸಲು 265 ಗಟ್ಟಿ ಕಟ್ಟೆಗಳಿದ್ದವು. ಇದೇ ದ್ವೀಪದಲ್ಲಿ ವೆಸ್ಟ್ ಫೀಲ್ಡ್ ಅಂತ ಇನ್ನೊಂದಿತ್ತು, ಅಲ್ಲೂ ಇಷ್ಟೇ ಉದ್ದದ ಎರಡು ರನ್‌ವೇ. ಬಹಳ ಜನ ಎರಡನ್ನೂ ಬೆರೆಸಿಬಿಡುತ್ತಾರೆ. ಅಣುಬಾಂಬ್ ವಿಮಾನ ಹೊರಟಿದ್ದು ನಾರ್ತ್ ಫೀಲ್ಡಿನಿಂದ.

## ಕಟ್ಟಿದ ಕತೆ

ಮಿಲಿಟರಿಯವರು ಬರೋಕ್ಕೆ ಮುಂಚೆ ಆ ಜಾಗದಲ್ಲಿ ಏನಿತ್ತು? ಕಾಡಾ?

ಕಾಡಲ್ಲ, ಕಬ್ಬು. 1920ರ ದಶಕದಲ್ಲಿ ನಾನ್ಯೋ ಕೋಹತ್ಸು ಅನ್ನುವ ಜಪಾನಿ ಕಂಪನಿ ಇಲ್ಲಿ ಕಬ್ಬು ನೆಡಿಸಲು ಶುರುಮಾಡಿತು. ಅದನ್ನು ಕಟ್ಟಿದ ಮತ್ಸುಯೆ ಹರುಜಿಗೆ ‘ಸಕ್ಕರೆ ರಾಜ’ ಅಂತಲೇ ಹೆಸರು. ಸೈಪಾನಿನಲ್ಲಿ ಅವರ ಪ್ರತಿಮೆ ಇನ್ನೂ ನಿಂತಿದೆ. ಉಳಬಹುದಾದ ನೆಲವೆಲ್ಲ ಕಬ್ಬಿಗೇ ಹೋಯಿತು. ಕಬ್ಬು ಸಾಗಿಸಲು ಪುಟ್ಟ ರೈಲು, ದಕ್ಷಿಣದ ಟಿನಿಯನ್ ಟೌನಿನಲ್ಲಿ ಸಕ್ಕರೆ ಕಾರ್ಖಾನೆ. ಕೂಲಿಗೆ ಬಂದವರಲ್ಲಿ ಒಕಿನಾವಾದವರು ಜಾಸ್ತಿ, ಕೊರಿಯಾದವರೂ ಇದ್ದರು. ನಮ್ಮ ಮಂಡ್ಯದಲ್ಲಿ ಮೈಷುಗರ್ ಹೊಗೆ ಉಗುಳಲು ಶುರುಮಾಡಿದ ಕಾಲದಲ್ಲೇ, ಸಾವಿರಾರು ಮೈಲಿ ಆಚೆ ಈ ಪುಟ್ಟ ದ್ವೀಪವೂ ಸಕ್ಕರೆಯ ಮೇಲೇ ಬದುಕುತ್ತಿತ್ತು. ಉತ್ತರದ ತುದಿಯಲ್ಲಿ, ಉಶಿ ಅನ್ನುವ ಕಡೆ, ಜಪಾನಿ ನೌಕಾಪಡೆ ಒಂದು ವಿಮಾನ ಪಟ್ಟಿಯನ್ನೂ ಮಾಡಿಕೊಂಡಿತ್ತು. ಸುಮಾರು 1,400 ಮೀಟರ್ ಉದ್ದದ್ದು. ನಾರ್ತ್ ಫೀಲ್ಡಿನ ಬೇರು ಅದೇ.

ಬೇರೆಲ್ಲೂ ಜಾಗ ಇರ್ಲಿಲ್ವಾ? ಆ ಮೂಲೆಯ ದ್ವೀಪವೇ ಯಾಕೆ ಬೇಕಾಯ್ತು?

ಎಲ್ಲಕ್ಕೂ ಕಾರಣ ಒಂದು ವಿಮಾನ: ಬೋಯಿಂಗ್ ಬಿ-29. ರೆಕ್ಕೆಯ ತುದಿಯಿಂದ ತುದಿಗೆ 43 ಮೀಟರ್. ಪೂರ್ತಿ ತುಂಬಿದರೆ 60 ಟನ್ ಮೀರುತ್ತಿತ್ತು. ಬಾಂಬ್ ಹೊತ್ತು ಸುಮಾರು 2,400 ಕಿಲೋಮೀಟರ್ ಹೋಗಿ ವಾಪಸ್ ಬರಬಲ್ಲ ವಿಮಾನ ಆಗ ಅದೊಂದೇ. ಮರಿಯಾನಾದಿಂದ ಟೋಕಿಯೋ ಸರಿಯಾಗಿ ಆ ಅಳತೆಯಲ್ಲೇ ಇತ್ತು. ಅದಕ್ಕೇ ಸೈಪಾನ್, ಗುವಾಮ್, ಟಿನಿಯನ್ ಮೂರನ್ನೂ ಹಿಡಿದರು. ಮೂರರಲ್ಲಿ ಚಪ್ಪಟೆ ನೆಲ ಇದ್ದದ್ದು ಟಿನಿಯನ್ನಿನಲ್ಲಿ. ಕಬ್ಬು ಬೆಳೆಯುವವರಿಗೆ ಅನುಕೂಲವಾಗಿದ್ದ ಸಮತಟ್ಟೇ ರನ್‌ವೇ ಹಾಸುವವರಿಗೂ ಅನುಕೂಲವಾಯಿತು.

ದ್ವೀಪವನ್ನ ಹೇಗೆ ಹಿಡಿದ್ರು? ದೊಡ್ಡ ಕಾಳಗ ಆಯ್ತಾ?

1944ರ ಜುಲೈ 24ರಿಂದ ಆಗಸ್ಟ್ 1ರವರೆಗೆ, ಒಂಬತ್ತು ದಿನ. ಅಮೆರಿಕನ್ನರು ಟಿನಿಯನ್ ಟೌನ್ ಎದುರು ಇಳಿಯುವ ಹಾಗೆ ನಾಟಕ ಆಡಿದರು. ನಿಜವಾಗಿ ಇಳಿದದ್ದು ವಾಯವ್ಯದ ಎರಡು ಕಿರಿದಾದ ಮರಳು ಪಟ್ಟಿಗಳಲ್ಲಿ. ಅಂಥ ಇಕ್ಕಟ್ಟಿನಲ್ಲಿ ಸೈನ್ಯ ಇಳಿಯಬಹುದು ಅಂತ ಎದುರಾಳಿ ಎಣಿಸಿರಲಿಲ್ಲ. ಇಳಿದ ಜಾಗದ ಪಕ್ಕದಲ್ಲೇ ಉಶಿ ವಿಮಾನ ಪಟ್ಟಿ, ಹಾಗಾಗಿ ಅದು ಬೇಗ ಕೈಗೆ ಬಂತು. ಸುಮಾರು 8 ಸಾವಿರ ಜಪಾನಿ ಸೈನಿಕರಲ್ಲಿ ಬದುಕಿ ಸೆರೆ ಸಿಕ್ಕವರು ಕೆಲವು ನೂರು ಮಾತ್ರ.

ಎಂಟೊಂಬತ್ತು ತಿಂಗಳಲ್ಲಿ ಅಷ್ಟು ಕೆಲಸ ಹೇಗೆ ಮುಗೀತು? ನಮ್ಮೂರಲ್ಲಿ ಒಂದು ಸೇತುವೆಗೇ ಐದು ವರ್ಷ ಹಿಡಿಯುತ್ತೆ.

ಸೇತುವೆಯ ಮಾತು ಬಿಡಿ, ಅದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ. ಟಿನಿಯನ್ನಿನಲ್ಲಿ ಕೆಲಸ ಮಾಡಿದವರು ಅಮೆರಿಕದ ನೌಕಾಪಡೆಯ ಕಟ್ಟಡ ದಳದವರು. ‘ಸೀಬೀ’ ಅಂತ ಅವರ ಅಡ್ಡಹೆಸರು. ಊರಲ್ಲಿದ್ದಾಗ ರಸ್ತೆ ಹಾಕಿದವರು, ಕ್ರೇನ್ ನಡೆಸಿದವರು, ಗಾರೆ ಮೇಸ್ತ್ರಿಗಳು. ಸುಮಾರು 15,000 ಮಂದಿ ಹಗಲು ರಾತ್ರಿ ಪಾಳಿಯಲ್ಲಿ ದುಡಿದರು. ಅವರಿಗೆ ದೊಡ್ಡ ಅನುಕೂಲ ಅಂದರೆ ಕಾಲಡಿಯ ನೆಲವೇ. ಇಡೀ ದ್ವೀಪ ಹವಳದ ಸುಣ್ಣಕಲ್ಲು. ಅದನ್ನು ಸಿಡಿಸಿ, ಒಡೆದು, ಹಾಸಿ, ನೀರು ಹಾಕಿ ರೋಲರ್ ಹೊಡೆದರೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಮೇಲೆ ಒಂದು ಪದರ ಡಾಂಬರು. ಜಲ್ಲಿಯನ್ನು ಎಲ್ಲಿಂದಲೋ ಹಡಗಿನಲ್ಲಿ ತರಬೇಕಾಗಿದ್ದರೆ ಕತೆಯೇ ಬೇರೆಯಾಗುತ್ತಿತ್ತು. ಹಳೆಯ ಜಪಾನಿ ಪಟ್ಟಿಯನ್ನೇ ಉದ್ದ ಮಾಡಿ ಮೊದಲ ರನ್‌ವೇಯನ್ನು 1944ರ ಡಿಸೆಂಬರಿನಲ್ಲಿ ಮುಗಿಸಿದರು. ನಾಲ್ಕನೆಯದು 1945ರ ಮೇ ತಿಂಗಳಿಗೆ ಸಿದ್ಧ.

ಒಂದೇ ಕಡೆ ನಾಲ್ಕು ರನ್‌ವೇ ಯಾಕೆ? ಒಂದು ಸಾಲ್ತಿರಲಿಲ್ವಾ?

ವಿಮಾನಗಳು ಒಂದೊಂದಾಗಿ ಹೋಗುತ್ತಿರಲಿಲ್ಲ, ನೂರಾರು ಒಟ್ಟಿಗೆ ಹೋಗುತ್ತಿದ್ದವು. ಒಂದೇ ದಾರಿಯಾದರೆ ಮೊದಲು ಏರಿದ್ದು ಕೊನೆಯದಕ್ಕೆ ಕಾಯುತ್ತಾ ಮೇಲೆ ಇಂಧನ ಸುಡಬೇಕು. ವಾಪಸ್ ಬರುವಾಗ ಇನ್ನೂ ಕಷ್ಟ. ಹನ್ನೆರಡು, ಹದಿಮೂರು ಗಂಟೆ ಹಾರಿ ಟ್ಯಾಂಕು ತಳ ಕಂಡಿರುತ್ತದೆ, ಸರದಿಯಲ್ಲಿ ನಿಲ್ಲಲು ವ್ಯವಧಾನ ಇರುವುದಿಲ್ಲ. ಒಂದು ರನ್‌ವೇ ಮೇಲೆ ವಿಮಾನ ಮಗುಚಿಬಿದ್ದರೂ ಪಕ್ಕದ್ದು ತೆರೆದಿರಬೇಕು. ಅಂಥದ್ದು ಅಲ್ಲಿ ಆಗಾಗ ನಡೆಯುತ್ತಿತ್ತು. ಅಂದಹಾಗೆ ರನ್‌ವೇಗಳ ಹೆಸರು ಏಬಲ್, ಬೇಕರ್, ಚಾರ್ಲಿ, ಡಾಗ್. ಆಗಿನ ಮಿಲಿಟರಿ ವೈರ್‌ಲೆಸ್‌ನಲ್ಲಿ ಎ, ಬಿ, ಸಿ, ಡಿ ಹೇಳುತ್ತಿದ್ದ ರೀತಿ ಅದು.

ಅಲ್ಲಿನ ರಸ್ತೆಗಳಿಗೆ ನ್ಯೂಯಾರ್ಕ್ ಹೆಸರು ಯಾಕೆ? ಮ್ಯಾನ್‌ಹಟನ್ ಪ್ರಾಜೆಕ್ಟ್ ಅಂತಾನಾ?

ಮ್ಯಾನ್‌ಹಟನ್ ಪ್ರಾಜೆಕ್ಟ್ ಅಂದರೆ ಅಣುಬಾಂಬ್ ತಯಾರಿಸಿದ ಅಮೆರಿಕದ ಗುಟ್ಟಿನ ಯೋಜನೆ. ಮ್ಯಾನ್‌ಹಟನ್ ಅನ್ನುವುದು ನ್ಯೂಯಾರ್ಕ್ ನಗರದ ಒಂದು ದ್ವೀಪ. ಈ ಊಹೆ ಚೆನ್ನಾಗಿದೆ, ಆದರೆ ತಪ್ಪು. ದ್ವೀಪದ ಆಕಾರ ಮ್ಯಾನ್‌ಹಟನ್ನಿನ ಹಾಗೇ ಉದ್ದುದ್ದ ಇದೆ. ಅದನ್ನು ಕಂಡು ಯಾರಿಗೋ ಹೊಳೆಯಿತು. ಉತ್ತರ ದಕ್ಷಿಣವಾಗಿ ಬ್ರಾಡ್‌ವೇ, ಎಂಟನೇ ಅವೆನ್ಯೂ. ಅಡ್ಡಕ್ಕೆ 42ನೇ ಬೀದಿ, 86ನೇ ಬೀದಿ. ಆ ಹೆಸರಿಟ್ಟ ಸೀಬೀಗಳಿಗೆ ಅಣುಬಾಂಬ್ ಯೋಜನೆಯ ಸುಳಿವೇ ಇರಲಿಲ್ಲ. ಆಮೇಲೆ ಬಂದ ಅಣುಬಾಂಬ್ ದಳಕ್ಕೆ ಬಿಡಾರ ಸಿಕ್ಕಿದ್ದು, ನ್ಯೂಯಾರ್ಕ್ ನಕ್ಷೆಯ ಲೆಕ್ಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಬರಬೇಕಾದ ಮೂಲೆಯಲ್ಲಿ. ಮ್ಯಾನ್‌ಹಟನ್ ಪ್ರಾಜೆಕ್ಟಿನ ಮೊದಮೊದಲ ಕೆಲಸ ನಡೆದದ್ದು ಅದೇ ವಿಶ್ವವಿದ್ಯಾಲಯದಲ್ಲಿ. ಕಾಕತಾಳೀಯ, ಬೇರೇನಿಲ್ಲ. ಬ್ರಾಡ್‌ವೇ ಹೆಸರು ಇವತ್ತಿಗೂ ಉಳಿದಿದೆ.

## ಯುದ್ಧದ ತಿಂಗಳುಗಳು

ಅಣುಬಾಂಬ್ ಬಿಟ್ರೆ ಅಲ್ಲಿಂದ ಬೇರೇನೂ ನಡೀಲಿಲ್ವಾ?

ನಡೆದದ್ದೇ ಅದು ಬಿಟ್ಟು ಬೇರೆ. ಅಣುಬಾಂಬಿಗಾಗಿ ಹೋದ ಆ ಎರಡು ಹಾರಾಟ ಕೊನೆಯ ಒಂದು ವಾರದ್ದು. ಅದಕ್ಕೂ ಮೊದಲು ಆರು ತಿಂಗಳು ನಾರ್ತ್ ಫೀಲ್ಡಿನ ದಿನದ ಕೆಲಸವೇ ಬೇರೆ ಇತ್ತು. 1945ರ ಮಾರ್ಚ್ 9ರ ರಾತ್ರಿ ಗುವಾಮ್, ಸೈಪಾನ್, ಟಿನಿಯನ್‌ನಿಂದ 300ಕ್ಕೂ ಹೆಚ್ಚು ಬಿ-29ಗಳು ಹೊರಟು ಟೋಕಿಯೋ ಮೇಲೆ ಬೆಂಕಿ ಬಾಂಬ್ ಸುರಿದವು. ಮರದ ಮನೆಗಳ ಊರು. ಸತ್ತವರು ಸುಮಾರು ಒಂದು ಲಕ್ಷ ಅನ್ನುತ್ತಾರೆ. ಆ ಒಂದು ರಾತ್ರಿಯ ಬಗ್ಗೆ ನನ್ನನ್ನು ಕೇಳಿದವರು ಬೆರಳೆಣಿಕೆ.

ಇನ್ನೊಂದು ಕೆಲಸ ಸಮುದ್ರದಲ್ಲಿ ಸಿಡಿಗುಂಡು, ಅಂದರೆ ಹಡಗು ಹತ್ತಿರ ಬಂದರೆ ಸಿಡಿಯುವ ಮೈನ್, ಬಿಡುವುದು. ನಾರ್ತ್ ಫೀಲ್ಡಿನ 313ನೇ ವಿಂಗ್ ಅನ್ನುವ ವಿಮಾನ ದಳ ಮಾರ್ಚ್ ಕೊನೆಯಿಂದ ಜಪಾನಿನ ಬಂದರು, ಜಲಸಂಧಿಗಳಲ್ಲಿ ಸುಮಾರು 12,000 ಸಿಡಿಗುಂಡು ಉದುರಿಸಿತು. ಆ ಕಾರ್ಯಾಚರಣೆಗೆ ಇಟ್ಟ ಹೆಸರಿನ ಅರ್ಥ ‘ಉಪವಾಸ ಕೆಡವುವುದು’. ಹೆಸರಿನಲ್ಲೇ ಉದ್ದೇಶ ಇತ್ತು: ಅಕ್ಕಿ, ಕಲ್ಲಿದ್ದಲು ಹೊತ್ತ ಹಡಗು ಬರಬಾರದು. ಜಪಾನಿನ ಹಡಗು ಸಂಚಾರ ಬಹುಮಟ್ಟಿಗೆ ನಿಂತೇ ಹೋಯಿತು.

ಭಾರತಕ್ಕೂ ಇದಕ್ಕೂ ನಂಟಿದೆ ಅಂತಾರೆ. ನಿಜಾನಾ, ಇಲ್ಲಾ ವಾಟ್ಸ್‌ಆ್ಯಪ್ ಕತೆಯಾ?

ನಿಜ. ಮರಿಯಾನಾ ಕೈಗೆ ಬರುವ ಮುಂಚೆ ಬಿ-29ಗಳು ಬೀಡು ಬಿಟ್ಟದ್ದೇ ಭಾರತದಲ್ಲಿ. 1944ರ ಏಪ್ರಿಲಿನಿಂದ ಖರಗ್‌ಪುರದ ಸುತ್ತಮುತ್ತ, ಚಾಕುಲಿಯಾ, ಪಿಯಾರ್ಡೋಬಾ, ದುಧ್‌ಕುಂಡಿ ವಿಮಾನ ನೆಲೆಗಳಲ್ಲಿ. ಮುಖ್ಯ ಕಚೇರಿ ಖರಗ್‌ಪುರದ ಹಿಜ್ಲಿಯಲ್ಲಿ. ಅದೇ ಹಿಜ್ಲಿ ಬಂದೀಖಾನೆ. 1931ರಲ್ಲಿ ಬ್ರಿಟಿಷ್ ಪೊಲೀಸರು ಗುಂಡು ಹಾರಿಸಿ ಇಬ್ಬರು ಸ್ವಾತಂತ್ರ್ಯ ಹೋರಾಟಗಾರರನ್ನು ಕೊಂದ ಜಾಗ. 1951ರಲ್ಲಿ ದೇಶದ ಮೊದಲ ಐಐಟಿ ಶುರುವಾದದ್ದೂ ಅದೇ ಕಟ್ಟಡದಲ್ಲಿ. ಒಂದೇ ಕಟ್ಟಡ, ಇಪ್ಪತ್ತು ವರ್ಷದಲ್ಲಿ ಮೂರು ಜನ್ಮ!

ಭಾರತದಿಂದ ಜಪಾನ್ ಬಹಳ ದೂರ. ಹಾಗಾಗಿ ಹಿಮಾಲಯ ದಾಟಿ ಚೀನಾದ ಚೆಂಗ್ಡು ಬಳಿ ಇಳಿದು, ಅಲ್ಲಿಂದ ಹೊರಡಬೇಕಿತ್ತು. ಆ ದಾಳಿಗೆ ಬೇಕಾದ ಪೆಟ್ರೋಲನ್ನೂ ಮುಂಚೆಯೇ ವಿಮಾನದಲ್ಲೇ ಅಲ್ಲಿಗೆ ಹೊರಬೇಕು. ಒಂದು ದಾಳಿಗಾಗಿ ಹಲವು ಸಲ ಪರ್ವತ ದಾಟಬೇಕು. ದುಬಾರಿ ಬಾಬತ್ತು. 1945ರಲ್ಲಿ ಆ ದಳವೇ, ಅಂದರೆ 58ನೇ ವಿಂಗ್, ಗಂಟುಮೂಟೆ ಕಟ್ಟಿ ಟಿನಿಯನ್ನಿನ ವೆಸ್ಟ್ ಫೀಲ್ಡಿಗೆ ಬಂತು. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಬಗ್ಗೆಯೂ ಕೇಳುತ್ತಾರೆ. ಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆ ಅಲ್ಲಿ ವಿಮಾನ ರಿಪೇರಿ ಮಾಡಿಸುತ್ತಿದ್ದದ್ದು ಹೌದು. ಅದು ಬೇರೆಯೇ ಕತೆ.

ಬಾಂಬ್ ತುಂಬೋಕ್ಕೆ ಗುಂಡಿ ತೋಡಿದ್ರು ಅಂತ ಓದಿದೆ. ಅದ್ಯಾಕೆ?

ಹಿರೋಶಿಮಾದ ‘ಲಿಟ್ಲ್ ಬಾಯ್’ 3 ಮೀಟರ್ ಉದ್ದ, 4 ಟನ್ನಿಗಿಂತ ಹೆಚ್ಚು ತೂಕ. ನಾಗಸಾಕಿಯ ‘ಫ್ಯಾಟ್ ಮ್ಯಾನ್’ ಹೆಸರಿಗೆ ತಕ್ಕ ಹಾಗೆ ಒಂದೂವರೆ ಮೀಟರ್ ದಪ್ಪ. ಬಿ-29ರ ಹೊಟ್ಟೆ ನೆಲಕ್ಕೆ ಹತ್ತಿರ. ಇಷ್ಟು ದಪ್ಪದ್ದನ್ನು ಅದರ ಕೆಳಗೆ ತಳ್ಳಲು ಜಾಗ ಸಾಲದು. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಕೆಳಗಿಳಿದು ಕೆಲಸ ಮಾಡುವ ಗುಂಡಿ ನೋಡಿದ್ದೀರಲ್ಲ, ಉಪಾಯ ಅಂಥದ್ದೇ. ಮೊದಲು ಬಾಂಬನ್ನು ಗುಂಡಿಗೆ ಇಳಿಸುವುದು. ಆಮೇಲೆ ವಿಮಾನವನ್ನು ಹಿಂದೆ ಹಿಂದೆ ತಳ್ಳಿ ಗುಂಡಿಯ ಮೇಲೆ ತಂದು ನಿಲ್ಲಿಸುವುದು. ಕೊನೆಗೆ ಹೈಡ್ರಾಲಿಕ್ ಲಿಫ್ಟ್ ಒತ್ತಿ ಬಾಂಬನ್ನು ಹೊಟ್ಟೆಯೊಳಕ್ಕೆ ಎತ್ತುವುದು. ಅಂಥ ಎರಡು ಗುಂಡಿಗಳು ಈಗಲೂ ಇವೆ.

ಬಾಂಬ್ ತಂದ ಹಡಗು ಮುಳುಗೋಯ್ತಂತೆ?

ತಂದು ಇಳಿಸಿದ ಮೇಲೆ. ‘ಇಂಡಿಯಾನಾಪೊಲಿಸ್’ ಅನ್ನುವ ಯುದ್ಧನೌಕೆ ಲಿಟ್ಲ್ ಬಾಯ್‌ನ ಮುಖ್ಯ ಭಾಗಗಳನ್ನು ಜುಲೈ 26ರಂದು ಟಿನಿಯನ್ನಿಗೆ ಮುಟ್ಟಿಸಿತು. ಉಳಿದ ಯುರೇನಿಯಂ ವಿಮಾನದಲ್ಲಿ ಬಂತು. ನಾಲ್ಕು ದಿನ ಕಳೆದು, ಜುಲೈ 30ರಂದು, ಫಿಲಿಪೀನ್ಸ್ ಕಡೆ ಹೋಗುವಾಗ ಜಪಾನಿ ಜಲಾಂತರ್ಗಾಮಿಯ ಟಾರ್ಪಿಡೋಗೆ ಸಿಕ್ಕಿತು. ಹಡಗಿನಲ್ಲಿ ಸುಮಾರು 1,200 ಮಂದಿ. ದಿನಗಟ್ಟಲೆ ನೀರಿನಲ್ಲಿ ತೇಲಿ ಕೊನೆಗೆ ಉಳಿದವರು 316.

ರನ್‌ವೇ ಮೇಲೇ ಬಾಂಬ್ ಸಿಡಿದಿದ್ರೆ ಅಂತ ಅವ್ರಿಗೆ ಭಯ ಇರ್ಲಿಲ್ವಾ?

ಇತ್ತು, ಚೆನ್ನಾಗಿಯೇ ಇತ್ತು. ಬಾಂಬಿನ ಹೊಣೆ ಹೊತ್ತಿದ್ದ ನೌಕಾಪಡೆಯ ಕ್ಯಾಪ್ಟನ್ ವಿಲಿಯಂ ಪಾರ್ಸನ್ಸ್, ಹೊರಡುವ ಮುಂಚಿನ ರಾತ್ರಿ ಬಿ-29ಗಳು ಏರಲಾಗದೆ ಅಪ್ಪಳಿಸಿ ಉರಿದದ್ದನ್ನು ಕಣ್ಣಾರೆ ಕಂಡಿದ್ದರು. ತಮ್ಮ ವಿಮಾನಕ್ಕೂ ಹಾಗಾದರೆ ದ್ವೀಪದ ಅರ್ಧ ಭಾಗವೇ ಹೋಗಬಹುದು. ಹಾಗಾಗಿ ಬಾಂಬಿನ ಮದ್ದನ್ನು ಹಾಕದೆಯೇ ಹೊರಡೋಣ, ಮೇಲೇರಿದ ಮೇಲೆ ನಾನೇ ತುಂಬುತ್ತೇನೆ ಅಂದರು. ಇಕ್ಕಟ್ಟಾದ ಆ ಗೂಡಿನೊಳಗೆ ಕೂತು ಹಿಂದಿನ ದಿನವೇ ಅಭ್ಯಾಸ ಮಾಡಿಕೊಂಡರು. ಹಾರಾಟದಲ್ಲಿ ಹಾಗೇ ಮಾಡಿದರು. ಫ್ಯಾಟ್ ಮ್ಯಾನ್‌ಗೆ ಈ ಉಪಾಯ ನಡೆಯುವಂತಿರಲಿಲ್ಲ. ಅದರೊಳಗೆ ಎಲ್ಲ ಜೋಡಿಸಿಯೇ ಹೊರಡಬೇಕಿತ್ತು.

ಹಿರೋಶಿಮಾ ಹಾರಾಟಕ್ಕೆ ಒಂದೊಂದು ಕಡೆ ಒಂದೊಂದು ಟೈಮ್ ಬರೆದಿದ್ದಾರೆ. ಸರಿಯಾದದ್ದು ಯಾವುದು?

ಟಿನಿಯನ್ ಗಡಿಯಾರ ಜಪಾನಿಗಿಂತ ಒಂದು ಗಂಟೆ ಮುಂದೆ. ಗೊಂದಲಕ್ಕೆ ಅದೇ ಕಾರಣ. ಪಾಲ್ ಟಿಬೆಟ್ಸ್ ನಡೆಸಿದ ‘ಎನೋಲಾ ಗೇ’ ಆಗಸ್ಟ್ 6ರ ಬೆಳಗಿನ ಜಾವ 2:45ಕ್ಕೆ ಏಬಲ್ ರನ್‌ವೇಯಿಂದ ಎದ್ದಿತು. ಬಾಂಬ್ ಬಿದ್ದದ್ದು ಹಿರೋಶಿಮಾದ ಗಡಿಯಾರದಲ್ಲಿ 8:15, ಟಿನಿಯನ್ನಿನಲ್ಲಿ ಆಗ 9:15. ವಾಪಸ್ ಇಳಿದದ್ದು ಟಿನಿಯನ್ ಸಮಯ ಮಧ್ಯಾಹ್ನ 2:58ಕ್ಕೆ. ಒಟ್ಟು 12 ಗಂಟೆ 13 ನಿಮಿಷ.

ನಾಗಸಾಕಿಗೆ ಹೋದ ವಿಮಾನ ಸೀದಾ ವಾಪಸ್ ಬರ್ಲಿಲ್ಲ ಅಂತಾರಲ್ಲ?

ಹೌದು. ಆಗಸ್ಟ್ 9ರಂದು ಚಾರ್ಲ್ಸ್ ಸ್ವೀನಿ ನಡೆಸಿದ ‘ಬಾಕ್ಸ್‌ಕಾರ್’ ಹೊರಡುವ ಮೊದಲೇ ಒಂದು ಇಂಧನ ಪಂಪು ಕೈಕೊಟ್ಟಿತ್ತು. ಎರಡು ಸಾವಿರ ಲೀಟರಿಗೂ ಜಾಸ್ತಿ ಪೆಟ್ರೋಲು ಟ್ಯಾಂಕಿನಲ್ಲಿದ್ದೂ ಬಳಸುವ ಹಾಗಿರಲಿಲ್ಲ. ಹೊತ್ತು ಹೋಗುವುದು, ಹೊತ್ತು ಬರುವುದು, ಅಷ್ಟೇ. ಗುರಿ ಇದ್ದದ್ದು ಕೊಕುರಾ. ಅಲ್ಲಿ ಮೋಡ, ಹೊಗೆ. ಮೂರು ಸಲ ಸುತ್ತಿದರೂ ಊರು ಕಾಣಲಿಲ್ಲ. ನಾಗಸಾಕಿಗೆ ತಿರುಗಿದರು. ಟಿನಿಯನ್ ತಲುಪುವಷ್ಟು ಇಂಧನ ಉಳಿಯದೆ ಒಕಿನಾವಾದಲ್ಲಿ ಇಳಿದು, ತುಂಬಿಸಿಕೊಂಡು ಬಂದರು.

## ಆಮೇಲೆ

ಅಲ್ಲಿ ಕಬ್ಬು ಬೆಳೀತಿದ್ದ ಜನ ಏನಾದ್ರು?

ನಿಜ ಹೇಳಬೇಕೆಂದರೆ ಇದನ್ನು ಪದೇ ಪದೇ ಯಾರೂ ಕೇಳುವುದಿಲ್ಲ. ಒಬ್ಬ ವಿದ್ಯಾರ್ಥಿನಿ ಒಮ್ಮೆ ಕೇಳಿದಳು. ಅವತ್ತಿನಿಂದ ಈ ಪಟ್ಟಿಯಲ್ಲಿ ಅದಕ್ಕೆ ಜಾಗ ಕೊಟ್ಟಿದ್ದೇನೆ.

ಕಾಳಗ ಶುರುವಾದಾಗ ದ್ವೀಪದಲ್ಲಿ ಹದಿನೈದು ಸಾವಿರದಷ್ಟು ಸಾಮಾನ್ಯ ಜನ ಇದ್ದರು. ಸೈನ್ಯ ದಕ್ಷಿಣಕ್ಕೆ ಹಿಂದೆ ಸರಿದ ಹಾಗೆ ಅವರೂ ಮಕ್ಕಳು ಮರಿ ಕಟ್ಟಿಕೊಂಡು ಸರಿದರು. ದಕ್ಷಿಣದ ತುದಿಯಲ್ಲಿ ಕಡಿದಾದ ಬಂಡೆ, ಕೆಳಗೆ ಸಮುದ್ರ. ಅಮೆರಿಕನ್ನರ ಕೈಗೆ ಸಿಕ್ಕರೆ ಚಿತ್ರಹಿಂಸೆ ಅಂತ ಅವರ ತಲೆಯಲ್ಲಿ ತುಂಬಿದ್ದರು. ಬಹಳ ಜನ ಅಲ್ಲಿಂದ ಹಾರಿದರು. ಕೆಲವರನ್ನು ಸೈನಿಕರೇ ತಳ್ಳಿದರು. ಆ ಬಂಡೆಗೆ ಆತ್ಮಹತ್ಯೆ ಬಂಡೆ ಅಂತಲೇ ಹೆಸರು ಬಿದ್ದಿದೆ.

ಉಳಿದವರನ್ನು, ಸುಮಾರು 11 ಸಾವಿರ ಜನರನ್ನು, ಚೂರೋ ಅನ್ನುವ ಶಿಬಿರದಲ್ಲಿ ಬೇಲಿಯೊಳಗೆ ಇಟ್ಟರು. ಜಪಾನಿನವರು, ಒಕಿನಾವಾದವರು, ಕೊರಿಯಾದವರು. ತಾವು ಬೆಳೆದ ಕಬ್ಬಿನ ಗದ್ದೆಗಳು ರನ್‌ವೇ ಆಗುವುದನ್ನು ನೋಡುತ್ತಾ ಅವರು ಅಲ್ಲೇ ಇದ್ದರು. ಆ ರನ್‌ವೇಯಿಂದ ಎದ್ದ ವಿಮಾನಗಳು ಹೋಗುತ್ತಿದ್ದದ್ದು ಅವರಲ್ಲೇ ಎಷ್ಟೋ ಜನರ ನೆಂಟರಿಷ್ಟರ ಊರುಗಳ ಮೇಲೆ. 1946ರಲ್ಲಿ ಎಲ್ಲರನ್ನೂ ಹಡಗು ಹತ್ತಿಸಿ ಕಳಿಸಿದರು. 1948ರಲ್ಲಿ ಯಾಪ್ ದ್ವೀಪದಲ್ಲಿದ್ದ ಚಮೋರೋ ಕುಟುಂಬಗಳು ಬಂದು ನೆಲೆಸಿದವು. ಸ್ಪೇನಿನವರು ಓಡಿಸಿದ ಜನರ ಪೀಳಿಗೆ ಹೀಗೆ ಸುತ್ತುಬಳಸಿ ವಾಪಸ್ ಬಂತು.

ಅಷ್ಟು ದೊಡ್ಡ ಏರ್‌ಪೋರ್ಟಿನ ಮೇಲೆ ಈಗ ಬರೀ ಕಾಡಂತೆ. ಯಾವ ಗಿಡ ಅದು?

ನಮಗೆ ಗೊತ್ತಿರುವ ಗಿಡವೇ: ಸುಬಾಬುಲ್. ಹೊಲದ ಬದುವಿನಲ್ಲಿ ಮೇಕೆ ಮೇವಿಗೆ, ಸೌದೆಗೆ ಬೆಳೆಸುತ್ತೇವಲ್ಲ, ಅದೇ. ಅಲ್ಲಿ ಅದನ್ನು ತಂಗನ್‌ತಂಗನ್ ಅನ್ನುತ್ತಾರೆ. ಯುದ್ಧ ಮುಗಿದ ಮೇಲೆ ಬಿ-29ಗಳು ಹೊರಟುಹೋದವು, 1947ರ ಹೊತ್ತಿಗೆ ನಿಲ್ದಾಣ ಖಾಲಿ. ಬೋಳಾದ ನೆಲದ ಮಣ್ಣು ಕೊಚ್ಚಿಹೋಗಬಾರದು ಅಂತ ಅಮೆರಿಕನ್ನರು ಇದರ ಬೀಜ ಚೆಲ್ಲಿದರು. ಸುಬಾಬುಲ್ ಬೆಳೆಸಿದ ಯಾವ ರೈತನನ್ನು ಕೇಳಿದರೂ ಮುಂದಿನದನ್ನು ಹೇಳುತ್ತಾನೆ. ಒಂದು ಸಲ ಬಿಟ್ಟರೆ ಮುಗಿಯಿತು. ಕಟ್ಟೆಗಳು, ಓಡುದಾರಿಗಳು ಎಲ್ಲ ಅದರೊಳಗೆ ಮುಚ್ಚಿಹೋದವು.

ಅಲ್ಲಿ ಈಗ್ಲೂ ವಿಕಿರಣ ಇರುತ್ತಾ?

ಬಾಂಬ್ ಸಿಡಿದದ್ದು ಟಿನಿಯನ್ನಿನಲ್ಲಿ ಅಲ್ಲ. ಜೋಡಿಸಿದರು, ತುಂಬಿದರು, ಕಳಿಸಿದರು. ವಿಕಿರಣದ ಹಾವಳಿ ಬರುವುದು ಸ್ಫೋಟದಿಂದ. ಅಲ್ಲಿ ಜೋಪಾನ ಮಾಡಬೇಕಾದದ್ದು ಪೊದೆಯೊಳಗೆ ಉಳಿದಿರಬಹುದಾದ ಹಳೆಯ ಸಿಡಿಯದ ಗುಂಡುಗಳ ಬಗ್ಗೆ.

ನಾವು ಹೋಗಿ ನೋಡ್ಬಹುದಾ? ಏನೇನಿದೆ?

ಹೋಗಬಹುದು, ಆದರೆ ಭಾರತೀಯರಿಗೆ ಅಮೆರಿಕದ ವೀಸಾ ಬೇಕು. ಸೈಪಾನಿನಿಂದ ಪುಟ್ಟ ವಿಮಾನದಲ್ಲಿ ಹತ್ತು, ಹದಿನೈದು ನಿಮಿಷ. ಇಳಿಯುವುದು ಹಳೆಯ ವೆಸ್ಟ್ ಫೀಲ್ಡಿನ ಜಾಗದಲ್ಲಿ. ಬಾಡಿಗೆ ಕಾರು ಹಿಡಿದು ಬ್ರಾಡ್‌ವೇ ಮೇಲೆ ಉತ್ತರಕ್ಕೆ ಹೋದರೆ ನಾರ್ತ್ ಫೀಲ್ಡ್. 1985ರಿಂದ ಅದು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಮಾರಕ. ಬಾಂಬ್ ಗುಂಡಿಗಳನ್ನು ಹಿಂದೆ ಮಣ್ಣು ತುಂಬಿ ಮುಚ್ಚಿದ್ದರು. 2004ರಲ್ಲಿ ಅಗೆದು ತೆಗೆದು ಗಾಜಿನ ಹೊದಿಕೆ ಹಾಕಿದ್ದಾರೆ. ಹತ್ತಿರದಲ್ಲೇ ಜಪಾನಿ ಕಾಲದ ಕಾಂಕ್ರೀಟ್ ಕಚೇರಿ, ಬಾಂಬಿನಿಂದ ತಪ್ಪಿಸಿಕೊಳ್ಳುವ ಗೂಡುಗಳು ಬಿರುಕುಬಿಟ್ಟು ನಿಂತಿವೆ. ಸಾನ್ ಹೋಸೆ ಊರಿನಲ್ಲಿ ಚಮೋರೋ ಜನರ ಪುರಾತನ ಕಲ್ಲುಗಂಬಗಳಿವೆ, ತಾಗಾ ಮನೆ ಅಂತ. ಅದನ್ನು ನೋಡದೆ ಬಂದರೆ ದ್ವೀಪದ ಅರ್ಧ ಕತೆಯಷ್ಟೇ ನೋಡಿದ ಹಾಗೆ. ಮಿಲಿಟರಿ ಕೆಲಸ ನಡೆಯುವಾಗ ಉತ್ತರ ಭಾಗಕ್ಕೆ ಬಿಡದೇ ಇರಬಹುದು, ಮೊದಲೇ ವಿಚಾರಿಸಿಕೊಳ್ಳಿ.

ಮತ್ತೆ ಶುರು ಮಾಡ್ತಾರೆ ಅಂತ ಸುದ್ದಿ ನೋಡಿದೆ. ಹೌದಾ?

ಹೌದು. ದ್ವೀಪದ ಸುಮಾರು ಮೂರನೇ ಎರಡು ಭಾಗ ನೆಲವನ್ನು ಅಮೆರಿಕದ ಸೇನೆ 1983ರಲ್ಲೇ 50 ವರ್ಷಕ್ಕೆ ಗುತ್ತಿಗೆ ಹಿಡಿದಿದೆ. ನಾರ್ತ್ ಫೀಲ್ಡ್ ಅದರೊಳಗೇ ಬರುತ್ತದೆ. ನಡುವೆ ಆಗೊಮ್ಮೆ ಈಗೊಮ್ಮೆ ಅಭ್ಯಾಸಕ್ಕೆ ವಿಮಾನ ಇಳಿಸುತ್ತಿದ್ದರು, ಅಷ್ಟೇ. 2023ರ ಕೊನೆಯಲ್ಲಿ ಅಮೆರಿಕದ ವಾಯುಪಡೆ ಕಾಡು ಕಡಿದು ಹಳೆಯ ನಿಲ್ದಾಣ ಮತ್ತೆ ಕೆಲಸಕ್ಕೆ ತರುತ್ತೇವೆ ಅಂತ ಹೇಳಿತು. ಈ ಸಲ ಅವರ ಕಣ್ಣು ಚೀನಾ ಮೇಲೆ. ಗುವಾಮ್ ಒಂದನ್ನೇ ನಂಬಿ ಕೂತರೆ ಒಂದೇ ಏಟಿಗೆ ಎಲ್ಲ ಹೋದೀತು, ಹಾಗಾಗಿ ವಿಮಾನಗಳನ್ನು ನಾಲ್ಕು ಕಡೆ ಚದುರಿಸಿ ಇಡಬೇಕು ಅನ್ನುವುದು ಲೆಕ್ಕ. 2024ರಿಂದ ಸುಬಾಬುಲ್ ಬುಡಸಮೇತ ಕೀಳುತ್ತಿದ್ದಾರೆ. ಅದರಡಿಯಿಂದ 80 ವರ್ಷದ ಹಿಂದೆ ಸೀಬೀಗಳು ಹಾಸಿದ ಡಾಂಬರು ಹೊರಬರುತ್ತಿದೆ.